ನೀಲಗಿರಿಯ ಎಲೆ, ನಮ್ಮ ಲೋಟದ ಪುಡಿ

ಗೂಡಲೂರು ದಾಟಿ ಊಟಿಯ ಕಡೆ ಘಾಟಿ ಹತ್ತುವಾಗ ನಡುವಟ್ಟಂ ಎಂಬ ಸಣ್ಣ ಊರು ಸಿಗುತ್ತದೆ. ಮೈಸೂರು ಕಡೆಯಿಂದ ಬಂದ ಕಾರುಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ, ಪೈಕಾರಾದ ದೋಣಿಗೆ ಓಡುತ್ತವೆ. ನಾವು ನಿಲ್ಲಿಸಿದ್ದು ಒಂದು ಜೈಲಿಗಾಗಿ. ಚಹಾದ ಜಾಡು ಹಿಡಿದು ಹೊರಟವರು ಮೊದಲು ಜೈಲಿಗೆ ಹೋಗುವುದೇನು ಎಂದು ಹೆಂಡತಿ ಕೇಳಿದಳು. ಪ್ರಶ್ನೆ ಸರಿಯೇ ಇತ್ತು.

1860ರ ದಶಕದಲ್ಲಿ ಬ್ರಿಟಿಷರು ಈ ಇಳಿಜಾರುಗಳಲ್ಲಿ ಸಿಂಕೋನಾ ಮರ ನೆಟ್ಟರು. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಬರುವುದು ಅದರ ತೊಗಟೆಯಿಂದ. ಮಳೆ, ಚಳಿ, ದಟ್ಟ ಕಾಡು. ಕೂಲಿಗೆ ಜನ ಸಿಗಲಿಲ್ಲ. ಪೆನಾಂಗ್, ಸಿಂಗಪುರದ ಕಡೆಯಿಂದ ಮದ್ರಾಸಿಗೆ ತಂದಿದ್ದ ಚೀನೀ ಕೈದಿಗಳನ್ನು ಇಲ್ಲಿಗೆ ಕಳಿಸಿ, ಈ ಜೈಲಿನಲ್ಲಿಟ್ಟು ತೋಟದ ಕೆಲಸಕ್ಕೆ ಹಚ್ಚಿದರು. ಅಫೀಮು ಯುದ್ಧದಲ್ಲಿ ಸೆರೆಸಿಕ್ಕವರು ಎಂದು ತೋಟದವರು ಈಗಲೂ ಹೇಳುತ್ತಾರೆ. ಶಿಕ್ಷೆ ಮುಗಿದ ಮೇಲೆ ಕೆಲವರು ಊರಿಗೆ ಹಿಂತಿರುಗಲಿಲ್ಲ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಈ ಬೆಟ್ಟಗಳಲ್ಲಿ ಓಡಾಡುತ್ತಿದ್ದಾಗ ನಡುವಟ್ಟಂ ಮತ್ತು ಗೂಡಲೂರಿನ ನಡುವೆ, ತಮಿಳು ಹೆಂಗಸರನ್ನು ಮದುವೆಯಾಗಿ ತರಕಾರಿ, ಕಾಫಿ ಬೆಳೆದು, ಹಸು ಸಾಕಿಕೊಂಡಿದ್ದ ಚೀನೀಯರ ಪುಟ್ಟ ಬಿಡಾರವನ್ನೇ ಕಂಡು ಬರೆದಿಟ್ಟಿದ್ದಾನೆ. ನೀಲಗಿರಿಯವರಿಗೆ ಚಹಾ ಮಾಡುವುದನ್ನು ಕಲಿಸಿದವರು ಈ ಕೈದಿಗಳೇ ಎಂಬ ಮಾತೂ ಇದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಚೀನಾದವನು ಎಂದಮಾತ್ರಕ್ಕೆ ಚಹಾ ಹದ ಮಾಡಲು ಬರುತ್ತದೆ ಎನ್ನುವುದು, ಮಂಡ್ಯದವನು ಎಂದಮಾತ್ರಕ್ಕೆ ಬೆಲ್ಲ ಕಾಯಿಸಲು ಬರುತ್ತದೆ ಎಂದ ಹಾಗೆ. ಸಿಂಕೋನಾ ಬೆಳೆದಿದ್ದ ನೆಲದಲ್ಲಿ ಬಹುಪಾಲು ಈಗ ಚಹಾ ಇದೆ ಎನ್ನುವುದಂತೂ ಕಣ್ಣೆದುರಿಗೆ ಕಾಣುತ್ತಿತ್ತು.

ನೀಲಗಿರಿಗೆ ಚಹಾ ಬಂದ ಕತೆ ಕೈದಿಗಳಿಗಿಂತ ಹಳೆಯದು, ಹೆಚ್ಚು ಎಡವಟ್ಟಿನದು ಕೂಡ. 1832ರಲ್ಲಿ ಮದ್ರಾಸಿನ ಸಹಾಯಕ ಸರ್ಜನ್ ಡಾ. ಕ್ರಿಸ್ಟಿ ಕೂನೂರಿನ ಸುತ್ತ ಕ್ಯಾಮೆಲಿಯಾ ಜಾತಿಯ ಗಿಡ ಹುಲುಸಾಗಿ ಬೆಳೆದದ್ದನ್ನು ನೋಡಿದ. ಚಹಾ ಗಿಡವೂ ಕ್ಯಾಮೆಲಿಯಾವೇ, ಹಾಗಾದರೆ ಇಲ್ಲಿ ಅದೂ ಬಂದೀತು ಎಂದು ಚೀನಾದಿಂದ ಸಸಿ ತರಿಸಿದ. ಸಸಿ ಬರುವ ಹೊತ್ತಿಗೆ ಆತನೇ ಇರಲಿಲ್ಲ. ಮೂರು ವರ್ಷದ ಮೇಲೆ ಕಲ್ಕತ್ತಾದಿಂದ ಬಂದ ಸಸಿಗಳನ್ನು ಕೇತಿ ಕಣಿವೆಯ ಸರ್ಕಾರಿ ಪ್ರಯೋಗ ತೋಟದಲ್ಲಿ ನೆಟ್ಟರು. ಮರುವರ್ಷವೇ ಸರ್ಕಾರ ತೋಟ ಮುಚ್ಚಿತು. ಅಲ್ಲಿನ ಬಂಗಲೆಯನ್ನು ಪಾಂಡಿಚೇರಿಯ ಫ್ರೆಂಚ್ ಗವರ್ನರ್‌ಗೆ ಬಿಟ್ಟುಕೊಟ್ಟಿದ್ದರು. ಅವನ ಜೊತೆ ಬಂದ ಸಸ್ಯತಜ್ಞ ಪೆರೊಟೆ, ಯಾರೂ ಕೇಳದೆ ಬೇರು ಮೇಲೆದ್ದು ಒಣಗುತ್ತಿದ್ದ ಗಿಡಗಳನ್ನು ನೋಡಿ, ಮಣ್ಣು ಮುಚ್ಚಿಸಿ, ಆರೈಕೆ ಮಾಡಿಸಿ ಉಳಿಸಿದ. ಇಂಗ್ಲಿಷರ ಬೆಟ್ಟದಲ್ಲಿ ಚಹಾ ಬದುಕಿದ್ದು ಫ್ರೆಂಚಿನವನ ಕರುಣೆಯಿಂದ! 1854ರ ಸುಮಾರಿಗೆ ಮ್ಯಾನ್ ಎಂಬಾತ ಚೀನಾದ ಬೀಜ ತರಿಸಿ ಕೂನೂರಿನ ಹತ್ತಿರ ಬಿತ್ತಿದ, 1859ರಲ್ಲಿ ತಾಯಿಶೋಲ, ಡನ್‌ಸ್ಯಾಂಡಲ್ ತೋಟಗಳು ಎದ್ದವು. ಅಲ್ಲಿಂದ ಮುಂದೆ ತಿರುಗಿ ನೋಡಲಿಲ್ಲ.

ಊಟಿಯಲ್ಲಿ ನಾವು ನಿಲ್ಲಲಿಲ್ಲ. ಟಿಕೆಟ್ ಕೊಟ್ಟು ಗಾಜಿನಾಚೆಯಿಂದ ಯಂತ್ರ ನೋಡಿ, ಪುಟ್ಟ ಕಪ್ಪಿನಲ್ಲಿ ಏಲಕ್ಕಿ ಟೀ ಕುಡಿದು, ಚಾಕಲೇಟ್ ಕೊಂಡು ಹೊರಬರುವ ಜಾಗಗಳಿಂದ ಮಕ್ಕಳಿಗೆ ಖುಷಿಯಾಗುತ್ತದೆ, ಚಹಾ ಅರ್ಥವಾಗುವುದಿಲ್ಲ. ಪರಿಚಯದವರೊಬ್ಬರ ಮೂಲಕ ಕೂನೂರು ಬಳಿಯ ಒಂದು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ನೋಡಲು ಅನುಮತಿ ಸಿಕ್ಕಿತ್ತು. ಚಹಾ ಆಗುವುದು ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ. ಕೊಯ್ದು ತಂದ ಎಲೆ ಮೊದಲು ಗಂಟೆಗಟ್ಟಲೆ ಬಾಡುತ್ತದೆ, ಆಮೇಲೆ ಒಂದೇ ರಾತ್ರಿಯಲ್ಲಿ ಅದರ ಹಣೆಬರಹ ತೀರ್ಮಾನವಾಗುತ್ತದೆ.

ಮಹಡಿ ಮೇಲೆ ಉದ್ದುದ್ದ ತೊಟ್ಟಿಗಳು. ತಳದಲ್ಲಿ ಜಾಲರಿ, ಅದರ ಕೆಳಗಿನಿಂದ ಫ್ಯಾನಿನ ಗಾಳಿ. ಹಸಿ ಎಲೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಹನ್ನೆರಡರಿಂದ ಹದಿನೆಂಟು ಗಂಟೆ ಗಾಳಿಗೆ ಬಾಡಿದ ಎಲೆ ಮಡಿಚಿದರೆ ಮುರಿಯುವುದಿಲ್ಲ, ಬಟ್ಟೆಯ ಹಾಗೆ ಬಗ್ಗುತ್ತದೆ. ಮೇಲ್ವಿಚಾರಕರು ಒಂದು ಹಿಡಿ ತೆಗೆದು ಉಂಡೆ ಕಟ್ಟಿ ಬಿಟ್ಟರು. ಅದು ನಿಧಾನವಾಗಿ ಬಿಚ್ಚಿಕೊಂಡಿತು. "ಮೀಟರ್ ಇದೆ ಸಾರ್, ಆದರೆ ನಮಗೆ ಕೈಯೇ ಮೀಟರ್" ಎಂದರು. ಗುಂಡ್ಲುಪೇಟೆಯಲ್ಲಿ ನೆಂಟರಿದ್ದಾರಂತೆ, ಕನ್ನಡ ಚೆನ್ನಾಗಿತ್ತು.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಈ ಕವಲನ್ನು ನೋಡಲೆಂದೇ ನಾನು ಬಂದದ್ದು. ಒಂದು ಪಾಲು ಎಲೆ ಸಿಟಿಸಿ (ಕ್ರಷ್, ಟೇರ್, ಕರ್ಲ್) ಯಂತ್ರಕ್ಕೆ. ಹಲ್ಲಿರುವ ಎರಡು ಉಕ್ಕಿನ ರೋಲರುಗಳು, ಒಂದು ಇನ್ನೊಂದಕ್ಕಿಂತ ಹತ್ತು ಪಟ್ಟು ವೇಗವಾಗಿ ತಿರುಗುತ್ತವೆ. ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಹಸಿರು ರವೆಯಾಗಿ ಉದುರುತ್ತದೆ. 1930ರ ಸುಮಾರಿಗೆ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಕಂಡುಹಿಡಿದ ಯಂತ್ರ ಇದು. ನಾವು ಮನೆಯಲ್ಲಿ, ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕುಡಿಯುವ ಟೀ ಬಹುತೇಕ ಈ ಹಲ್ಲುಗಳ ನಡುವೆ ಹುಟ್ಟಿದ್ದು. ಇನ್ನೊಂದು ಪಾಲು ಆರ್ಥಡಾಕ್ಸ್, ಅಂದರೆ ಹಳೆಯ ಪದ್ಧತಿಯ ಸಾಲಿಗೆ. ಅಲ್ಲಿ ದುಂಡನೆಯ ಮೇಜಿನ ಮೇಲೆ ಹಿತ್ತಾಳೆ ಪಟ್ಟಿಗಳು ಸುತ್ತುತ್ತ ಎಲೆಯನ್ನು ಹಿಂಡುತ್ತವೆ, ಚೂರು ಮಾಡುವುದಿಲ್ಲ. ರಸ ಹೊರಬಂದು ಎಲೆಯ ಮೈಗೇ ಅಂಟುತ್ತದೆ.

ಆಮೇಲೆ ಗಾಳಿಗೆ ಹರಡುತ್ತಾರೆ. ಎಲ್ಲರೂ ಇದನ್ನು ಫರ್ಮೆಂಟೇಶನ್ ಎನ್ನುತ್ತಾರೆ, ನಿಜಕ್ಕೂ ಇಲ್ಲಿ ಹುಳಿ ಬರುವಂಥದ್ದೇನೂ ಇಲ್ಲ. ಎಲೆಯೊಳಗಿನ ಕಿಣ್ವಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಹಸಿರನ್ನು ತಾಮ್ರದ ಬಣ್ಣಕ್ಕೆ ತಿರುಗಿಸುತ್ತವೆ. ಪುಡಿಯಾದ ಸಿಟಿಸಿಗೆ ಗಂಟೆಯೊಳಗೆ ಸಾಕು, ಉದ್ದ ಎಲೆಗೆ ಎರಡು ಮೂರು ಗಂಟೆ. ರಾತ್ರಿ ಒಂದರ ಹೊತ್ತಿಗೆ ಆ ಕೋಣೆಯಲ್ಲಿ ಹುಲ್ಲಿನ ವಾಸನೆ ಹೋಗಿ ಸೇಬಿನಂಥ ವಾಸನೆ ಎದ್ದಿತು. ಯಾವ ಗಳಿಗೆಯಲ್ಲಿ ಎಲೆಯನ್ನು ಡ್ರೈಯರ್‌ಗೆ ತಳ್ಳಬೇಕು ಎನ್ನುವುದೇ ಇಡೀ ಕಸುಬು. ಬಿಸಿ ತಾಗಿದೊಡನೆ ಕಿಣ್ವ ಸಾಯುತ್ತದೆ, ಬಣ್ಣ ಅಲ್ಲಿಗೆ ನಿಲ್ಲುತ್ತದೆ. ಗ್ರೀನ್ ಟೀ ಬೇಕಾದರೆ ಎಲೆ ಬಂದಕೂಡಲೇ ಹಬೆ ಕೊಟ್ಟು ಅಥವಾ ಬಾಣಲೆಯಲ್ಲಿ ಹುರಿದು ಕಿಣ್ವವನ್ನು ಮೊದಲೇ ಕೊಂದುಬಿಡುತ್ತಾರೆ. ಊಲಾಂಗ್ ಎಂದರೆ ಅರ್ಧದಾರಿಯಲ್ಲಿ ನಿಲ್ಲಿಸಿದ್ದು. ಬಿಳಿ ಟೀ ಎನ್ನುವುದು ಎಳೆ ಮೊಗ್ಗನ್ನು ಹಿಂಡದೆ, ಬಾಡಿಸಿ ಒಣಗಿಸಿದ್ದು, ಅಷ್ಟೇ. ಗಿಡ ಬೇರೆ ಎಂದುಕೊಂಡು ಗ್ರೀನ್ ಟೀ ಪೊಟ್ಟಣವನ್ನು ಔಷಧಿಯಂತೆ ಪೂಜಿಸುವ ಮಿತ್ರರಿಗೆ ಈ ಕೋಣೆ ತೋರಿಸಬೇಕು.

ಬೆಳಿಗ್ಗೆ ರುಚಿ ನೋಡುವ ಮೇಜು. ಬಿಳಿ ಪಿಂಗಾಣಿ ಬಟ್ಟಲುಗಳ ಸಾಲು, ಪ್ರತಿಯೊಂದಕ್ಕೂ ಒಂದೇ ತೂಕದ ಪುಡಿ, ಕುದಿವ ನೀರು, ಆರು ನಿಮಿಷ. ಟೇಸ್ಟರ್ ಚಮಚದಿಂದ ಸೊರ್ರೆಂದು ಎಳೆದು ಪಕ್ಕದ ಡಬ್ಬಕ್ಕೆ ಉಗಿಯುತ್ತ ಹೋದರು. ಶಬ್ದ ಮಾಡದಿದ್ದರೆ ರುಚಿ ಮೂಗಿಗೆ ಏರುವುದಿಲ್ಲವಂತೆ. ನಾನೂ ಎಳೆದೆ. ಸಿಟಿಸಿ ಡಸ್ಟ್, ಅಂದರೆ ತೀರಾ ನುಣ್ಣನೆಯ ಪುಡಿ: ಕೆಂಪು ಗಾಢ ಬಣ್ಣ, ನಾಲಿಗೆಯ ಅಂಚಿಗೆ ಒಗರು, ಹಾಲು ಬೇಡಿಕೊಳ್ಳುವ ರುಚಿ. ಅದರ ಪಕ್ಕದ ಬಟ್ಟಲಲ್ಲಿ ಜನವರಿಯ ಉದ್ದ ಎಲೆ, ಫ್ರಾಸ್ಟ್ ಟೀ ಎಂದು ಕರೆಯುವಂಥದು: ಹೊಂಬಣ್ಣ, ಮಲ್ಲಿಗೆಯ ಕಡೆಯದೊಂದು ಪರಿಮಳ. ಡಿಸೆಂಬರಿನಿಂದ ಫೆಬ್ರವರಿವರೆಗೆ ರಾತ್ರಿ ಹಿಮ ಕಟ್ಟುವಷ್ಟು ಚಳಿ, ಹಗಲು ಬಿಸಿಲು. ಚಿಗುರು ಬಹಳ ನಿಧಾನಕ್ಕೆ ಬರುತ್ತದೆ, ಪರಿಮಳ ಸಾಂದ್ರವಾಗುತ್ತದೆ. ಇಂಥ ಜಾತಿಯ ನೀಲಗಿರಿ ಚಹಾ 2006ರಲ್ಲಿ ಲಾಸ್ ವೇಗಾಸ್ ಹರಾಜಿನಲ್ಲಿ ಕಿಲೋಗೆ 600 ಡಾಲರಿಗೆ ಹೋಗಿತ್ತು. ಈ ಬೆಟ್ಟದ ಚಹಾಕ್ಕೆ ಇನ್ನೊಂದು ಗುಣವಿದೆ: ಆರಿಸಿ ಮಂಜುಗಡ್ಡೆ ಹಾಕಿದರೂ ಬಗ್ಗಡವಾಗದೆ ತಿಳಿಯಾಗಿರುತ್ತದೆ. ಐಸ್ ಟೀ ಮಾಡುವವರು ಇದನ್ನು ಹುಡುಕಿಕೊಂಡು ಬರುವುದು ಅದಕ್ಕೆ.

ಹೆಂಡತಿ ಪುತ್ತೂರಿನವಳು, ಹಾಲು ಹಾಕದ ಕಣ್ಣ ಚಾ ಕುಡಿದು ಬೆಳೆದವಳು. ಹಾಲಿಲ್ಲದ ಬಟ್ಟಲುಗಳ ಮುಂದೆ ಅವಳ ನಾಲಿಗೆ ನನಗಿಂತ ಚುರುಕಾಗಿತ್ತು. ಟೇಸ್ಟರ್ ಕೂಡ ಆಮೇಲೆ ಅವಳನ್ನೇ ಕೇಳತೊಡಗಿದರು.

ಇಷ್ಟು ಪರಿಮಳದ ಎಲೆ ಇರುವಾಗ ನಮಗೇಕೆ ಪುಡಿ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೋತಗಿರಿಯ ಹತ್ತಿರ, ಈ ಬೆಟ್ಟದ ಬಡಗ ಸಮುದಾಯದವರ ಒಂದು ಹಟ್ಟಿಯಲ್ಲಿ. ಸಾಲಾಗಿ ಅಂಟಿಕೊಂಡ ಮನೆಗಳು, ಎದುರಿಗೆ ಅಂಗಳ, ಅಂಗಳದಿಂದ ಕೆಳಗೆ ಇಳಿಜಾರು ಪೂರ್ತಿ ಚಹಾ. ಬಡಗರ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ಎನ್ನುವ ನಂಬಿಕೆ ಅವರಲ್ಲಿ ಗಟ್ಟಿಯಾಗಿದೆ. ಅಲ್ಲಿನ ಬೆಳೆಗಾರ ಗೌಡರು ತಮ್ಮ ಬಡಗ ಭಾಷೆಯಲ್ಲಿ ಮಾತಾಡಿದರು, ನಾನು ಕನ್ನಡದಲ್ಲಿ. ಅರ್ಧ ದಾರಿಗೆ ಇಬ್ಬರೂ ಬಂದೆವು, ಉಳಿದರ್ಧವನ್ನು ಅವರ ಮಗಳು ಕಟ್ಟಿಕೊಟ್ಟಳು.

ಅವರ ಅಜ್ಜ ಬೆಳೆಯುತ್ತಿದ್ದುದು ಸಾಮೆ, ಕೊರಲೆ, ಆಲೂಗೆಡ್ಡೆ. 1961ರಲ್ಲಿ ಇಲ್ಲಿನ ಆಲೂ ಬೇರಿನಲ್ಲಿ ಬಂಗಾರ ಬಣ್ಣದ ನೆಮಟೋಡ್ ಹುಳು ಪತ್ತೆಯಾಯಿತು. ಆಲೂ ಕೈಕೊಟ್ಟ ಮೇಲೆ ಒಬ್ಬರನ್ನು ನೋಡಿ ಒಬ್ಬರು ಚಹಾ ಹಾಕಿದರು. ಸೋವಿಯತ್ ಒಕ್ಕೂಟ ಈ ಪುಡಿಯನ್ನು ಗುಣ ನೋಡದೆ ಕೊಳ್ಳುತ್ತಿದ್ದ ಕಾಲವದು. "ರಷ್ಯಾಕ್ಕೆ ಎಷ್ಟು ಕೊಟ್ಟರೂ ಸಾಲದು ಅನ್ನುತ್ತಿದ್ದರು. ಕತ್ತಿ, ಕತ್ತರಿ ಏನು ಸಿಕ್ಕಿತೋ ಅದರಲ್ಲಿ ಕೊಯ್ದೆವು" ಎಂದರು ಗೌಡರು. 1991ರಲ್ಲಿ ಆ ಒಕ್ಕೂಟವೇ ಇಲ್ಲವಾಯಿತು, ಆ ದಶಕ ಮುಗಿಯುವ ಹೊತ್ತಿಗೆ ಬೆಲೆ ಕುಸಿಯಿತು. ಬೆಲೆ ಹೋಯಿತು, ಒರಟು ಕೊಯ್ಲಿನ ರೂಢಿ ಉಳಿಯಿತು. ಒಳ್ಳೆಯ ಚಹಾಕ್ಕೆ ಎರಡೆಲೆ ಒಂದು ಮೊಗ್ಗು ಬೇಕು, ಅದಕ್ಕೆ ಬೆರಳು ಬೇಕು, ಬೆರಳಿಗೆ ಕೂಲಿ ಬೇಕು. ಜನ ಸಿಗುವುದಿಲ್ಲ, ಆದ್ದರಿಂದ ಚೀಲ ಕಟ್ಟಿದ ಕತ್ತರಿ. ಕತ್ತರಿಗೆ ಬಲಿತ ಎಲೆಯೂ ಸಿಗುತ್ತದೆ. ಬಲಿತ ಎಲೆ ಸೇರಿದ ಕೊಯ್ಲು ಸಿಟಿಸಿ ಯಂತ್ರಕ್ಕೆ ಹೋಗಿ ಡಸ್ಟಿನಂಥ ಪುಡಿಯಾಗುತ್ತದೆ. ಡಸ್ಟಿಗೆ ಬಣ್ಣ ಇದ್ದರೆ ಸಾಕು, ಹಾಲು ಸಕ್ಕರೆ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಹೀಗೆ ಮೈಸೂರಿನ ನನ್ನ ಲೋಟಕ್ಕೂ ಈ ಅಂಗಳದ ದರಕ್ಕೂ ನೇರ ಸಂಬಂಧ.

ದರದ ಲೆಕ್ಕ ಅವರ ನಾಲಿಗೆಯ ತುದಿಯಲ್ಲಿತ್ತು. ಒಂದು ಕಿಲೋ ಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆ. ಕೂನೂರಿನಲ್ಲಿ 1963ರಿಂದ ಹರಾಜು ನಡೆಯುತ್ತಿದೆ, ಈಗ ಅದು ಕಂಪ್ಯೂಟರಿನಲ್ಲಿ; ಅಲ್ಲಿನ ಸರಾಸರಿ ನೋಡಿ ತಿಂಗಳ ಎಲೆ ದರ ನಿಗದಿಯಾಗುತ್ತದೆ. ಗೌಡರ ಎಲೆ ಹೋಗುವುದು ಸಣ್ಣ ಬೆಳೆಗಾರರ ಸಹಕಾರಿ ಫ್ಯಾಕ್ಟರಿಗೆ. ಬಾಡದೆ, ಜಜ್ಜದೆ ತಲುಪಬೇಕು, ತಡಮಾಡಿದರೆ ತೂಕವೂ ಹೋಯಿತು, ಗುಣವೂ ಹೋಯಿತು. ಇದು ಮಾರಾಟಗಾರನಿಗೆ ಹಟಮಾಡಲು ಅವಕಾಶವಿಲ್ಲದ ಬೆಳೆ. ಭತ್ತ, ರಾಗಿಯಾದರೆ ಕಣಜದಲ್ಲಿಟ್ಟು ಕಾಯಬಹುದು.

ಮಗಳು ಈಚೆಗೆ ಮೂರು ಸಾಲು ಬೇರೆಯಾಗಿ ಬಿಟ್ಟುಕೊಂಡಿದ್ದಾಳೆ. ಚಳಿಗಾಲದಲ್ಲಿ ಎಳೆ ಚಿಗುರನ್ನಷ್ಟೇ ಕೈಯಲ್ಲಿ ಬಿಡಿಸಿ, ಮನೆಯ ಅಟ್ಟದಲ್ಲಿ ಬಾಡಿಸಿ, ಅಂಗೈಯಲ್ಲೇ ಉಜ್ಜಿ ಒಣಗಿಸುತ್ತಾಳೆ. ಹಿಮ ಬೀಳುವ ರಾತ್ರಿ ಗಿಡ ಸುಡದಂತೆ ಜರಿಗಿಡದ ಸೊಪ್ಪು ಹೊದಿಸುತ್ತಾಳೆ. ಅಪ್ಪನಿಗೆ ಇದು ಹುಡುಗಾಟ. ಆದರೆ ನಮಗೆ ಕೊಡುವಾಗ ಪೊಟ್ಟಣ ಕಟ್ಟಿದವರು ಅಪ್ಪನೇ. ಒಂದು ಪೊಟ್ಟಣಕ್ಕೆ ಅವಳು ಹೇಳಿದ ಬೆಲೆ ಕೇಳಿ ಅವರು ಬೇರೆ ಕಡೆ ನೋಡಿದರು.

ಆ ಎಲೆಯನ್ನು ಹೇಗೆ ಕಾಸಬೇಕು ಎಂದು ಅವಳೇ ತೋರಿಸಿದಳು. ಮೊದಲ ಪಾಠ, ಕಾಸಲೇಬಾರದು. ನೀರು ಕುದಿ ಬಂದ ಮೇಲೆ ಇಳಿಸಿ ಒಂದು ನಿಮಿಷ ಬಿಡುವುದು, ಒಂದು ದೊಡ್ಡ ಕಪ್ಪಿಗೆ ಒಂದು ಚಮಚದಷ್ಟು ಎಲೆ, ಮುಚ್ಚಿ ಮೂರು ನಿಮಿಷ, ಆಮೇಲೆ ಸೋಸುವುದು. ಅದೇ ಎಲೆಗೆ ಎರಡನೆಯ ಸಲ ನೀರು ಹಾಕಿದರೆ ಸ್ವಲ್ಪ ಹೆಚ್ಚು ಹೊತ್ತು. ಗ್ರೀನ್ ಟೀಗೆ ನೀರು ಇನ್ನೂ ತಣ್ಣಗಿರಬೇಕು, ಇಲ್ಲದಿದ್ದರೆ ಕಹಿ. ಸಿಟಿಸಿಯ ಕತೆ ಬೇರೆ: ಶುಂಠಿ ಜಜ್ಜಿ ನೀರಲ್ಲಿ ಹಾಕಿ, ಪುಡಿ ಸುರಿದು, ಕುದಿಸಿ, ಹಾಲು ಹೊಯ್ದು ಮತ್ತೆ ಉಕ್ಕಿಸಿದರೇ ಅದಕ್ಕೆ ಜೀವ. ಅದನ್ನು ಕೆಳದರ್ಜೆಯ ಕುಡಿತ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಕುದಿಸುವ ಪುಡಿಗೆ ನೆನೆಸುವ ವಿಧಾನ, ನೆನೆಸುವ ಎಲೆಗೆ ಕುದಿಸುವ ವಿಧಾನ ಮಾಡಿದರೆ ಎರಡೂ ಕೆಡುತ್ತವೆ.

ಹೋಗಬೇಕೆನ್ನುವವರು ಜನವರಿ ಅಥವಾ ಫೆಬ್ರವರಿ ನೋಡಿಕೊಳ್ಳಿ. ಹೊರಗಿನ ವಾಹನಕ್ಕೆ 2024ರಿಂದ ಇ-ಪಾಸ್ ಬೇಕು, ಮೊಬೈಲಿನಲ್ಲೇ ಸಿಗುತ್ತದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಾಗಾಗಿ ಕೋತಗಿರಿಯಿಂದ ಮಧ್ಯಾಹ್ನವೇ ಹೊರಡುವುದು ಲೇಸು. ಪುಡಿ ಕೊಳ್ಳುವಾಗ ಯಾವ ತಿಂಗಳ ಕೊಯ್ಲು ಎಂದು ಕೇಳಿ, ಸಣ್ಣ ಪೊಟ್ಟಣವನ್ನೇ ತನ್ನಿ, ಮಸಾಲೆ ಡಬ್ಬಿಗಳಿಂದ ದೂರ ಇಡಿ. ಚಹಾ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನಮ್ಮ ಪೊಟ್ಟಣವನ್ನು ಅಮ್ಮ ಎರಡನೆಯ ದಿನ ಹಾಲಿಗೆ ಹಾಕಿ ಕುದಿಸಿ, "ಇಷ್ಟು ದುಡ್ಡು ಕೊಟ್ಟು ಬಣ್ಣವೇ ಬಿಡದ ಪುಡಿ ತಂದಿದ್ದೀರಲ್ಲೋ" ಎಂದರು. ಉಳಿದದ್ದು ಈಗ ನಮ್ಮ ಬೀರುವಿನಲ್ಲಿದೆ.