ಇತಿಹಾಸ ಓದುವ ಮಗಳಿಗೆ ಒಂದು ಚಿಕ್ಕ ಕಾಲೇಜು: ಹಾಸನ, ಬೇಲೂರು, ಚಿಕ್ಕಮಗಳೂರು

ನಮ್ಮ ಸಕಲೇಶಪುರದ ಕಡೆ ಮಕ್ಕಳ ಪಿಯುಸಿ ಮುಗಿಯುತ್ತಿದ್ದಂತೆ ಮನೆಮನೆಯಲ್ಲೂ ಹಾಸನದ ಮಾತು ಶುರುವಾಗುತ್ತದೆ. ಬೆಳಗ್ಗೆ ಬಸ್ ಹತ್ತಿದರೆ ಸಂಜೆ ಮನೆಗೆ ಬರಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಹಾಗಾಗಿ ನಮ್ಮ ಮಗಳು ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದು "ಬಿಎ ಮಾಡ್ತೀನಿ, ಇತಿಹಾಸ ಇರಲೇಬೇಕು" ಅಂದಾಗ, ಕಾಲೇಜು ಯಾವುದು ಅನ್ನೋದು ದೊಡ್ಡ ವಿಷಯವೇ ಅಲ್ಲ ಅಂತ ಎಲ್ಲರೂ ತಿಳಿದರು. ನೆಂಟರ ಚಿಂತೆ ಬೇರೆಯೇ. "ಬಿಎ ಯಾಕೆ? ಬಿಕಾಂ ಆದ್ರೂ ಹಾಕ್ಸಿ" ಅಂತ ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದರು. ನಾನೂ ನಮ್ಮ ಯಜಮಾನರೂ ಆ ಮಾತಿಗೆ ಕಿವಿಗೊಡಲಿಲ್ಲ. ಇಷ್ಟಪಟ್ಟು ಓದುವ ಹುಡುಗಿಗೆ ಇಷ್ಟವಿಲ್ಲದ ಪುಸ್ತಕ ಕೊಟ್ಟು ಕೂರಿಸುವುದು ನ್ಯಾಯ ಅಲ್ಲ.

ಕಾಲೇಜುಗಳನ್ನು ಹೋಗಿ ನೋಡಿ ಆರಿಸಬೇಕು ಅನ್ನುವ ಯೋಚನೆ ಬಂದದ್ದು ನನ್ನ ನಾದಿನಿಯಿಂದ. ಅವರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದಾರೆ. ಅಮ್ಹರ್ಸ್ಟ್, ವಿಲಿಯಮ್ಸ್‌ನಂಥ ಹೆಸರಾಂತ ಲಿಬರಲ್ ಆರ್ಟ್ಸ್ ಕಾಲೇಜುಗಳು ಇರುವುದು ಅದೇ ರಾಜ್ಯದಲ್ಲಿ. ಒಂದೊಂದರಲ್ಲೂ ಓದುವವರು ಸುಮಾರು ಎರಡು ಸಾವಿರ ಮಂದಿ ಅಷ್ಟೇ. ಹೆಚ್ಚುಕಮ್ಮಿ ಎಲ್ಲರೂ ಡಿಗ್ರಿಯವರೇ. ಎರಡನೇ ವರ್ಷದ ಕೊನೆಯವರೆಗೂ ಇತಿಹಾಸ, ಗಣಿತ, ಸಂಗೀತ ಅಂತ ಏನೇನೋ ಓದಿ, ಆಮೇಲೆ ಮುಖ್ಯ ವಿಷಯ ಆರಿಸಿಕೊಳ್ಳಬಹುದು. ಪಾಠವನ್ನು ಪ್ರೊಫೆಸರುಗಳೇ ಮಾಡುತ್ತಾರೆ. ಅಪ್ಪ ಅಮ್ಮ ಮಕ್ಕಳನ್ನು ಕರೆದುಕೊಂಡು ಊರೂರು ತಿರುಗಿ, ತರಗತಿಯಲ್ಲಿ ಕೂತು ಪಾಠ ಕೇಳಿ, ಹಾಸ್ಟೆಲ್ ಊಟ ಮಾಡಿ ನೋಡುತ್ತಾರಂತೆ. "ಅತ್ತಿಗೆ, ಸೀರೆ ತಗೊಳ್ಳೋಕೆ ನಾಲ್ಕು ಅಂಗಡಿ ನೋಡ್ತೀವಿ. ಮೂರು ವರ್ಷ ಓದೋ ಜಾಗ ನೋಡ್ಬಾರ್ದಾ?" ಅಂದರು. ಸರಿ ಅನ್ನಿಸಿತು.

ಅಂಥದ್ದೇ ಓದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಇದೆ. ಆದರೆ ಮನೆಯಿಂದ ಅಷ್ಟು ದೂರ ಈಗಲೇ ಬೇಡ ಅನ್ನೋದು ಮಗಳದೇ ಮಾತು. ಅವಳಿಗೆ ಬೇಕಾಗಿದ್ದದ್ದು ಹತ್ತಿರದಲ್ಲಿ ಒಂದು ಚಿಕ್ಕ ಕಾಲೇಜು. ಮೇಷ್ಟ್ರಿಗೆ ತನ್ನ ಹೆಸರು ಗೊತ್ತಿರುವಷ್ಟು ಚಿಕ್ಕದು.

ಏಪ್ರಿಲ್ ಕೊನೆ. ಡಿಗ್ರಿ ತರಗತಿಗಳು ಇನ್ನೂ ನಡೆಯುತ್ತಿದ್ದವು. ರಜೆಯಲ್ಲಿ ಹೋದರೆ ಗೋಡೆ ಬಾಗಿಲು ನೋಡಿ ಬರಬೇಕಷ್ಟೇ, ಆದ್ದರಿಂದ ಈ ಸಮಯವನ್ನೇ ಆರಿಸಿಕೊಂಡೆವು. ನನಗೂ ಮಗಳಿಗೂ ಶೂನ್ಯ ದರದ ಟಿಕೆಟ್, ಯಜಮಾನರಿಗೆ ಮಾತ್ರ ದುಡ್ಡಿನದು. ಬಾಳುಪೇಟೆ, ಆಲೂರು ದಾಟಿ ಹಾಸನ ಸುಮಾರು 40 ಕಿಲೋಮೀಟರ್. ಬೆಳಗಿನ ಬಸ್ಸಿನ ತುಂಬಾ ಕಾಲೇಜಿನ ಮಕ್ಕಳು. ಆಲೂರಿನಲ್ಲಿ ಹತ್ತಿದ ಹುಡುಗಿಯೊಬ್ಬಳು ಕಂಬಿ ಹಿಡಿದು ನಿಂತುಕೊಂಡೇ ನೋಟ್ಸ್ ಓದುತ್ತಿದ್ದಳು. ದಿನಾ ಹೀಗೇ ನಿಂತು ಹೋಗ್ತೀಯಾ ಅಂತ ಕೇಳಿದೆ. "ಹೂಂ ಆಂಟಿ, ಸೀಟು ಸಿಗೋದು ಭಾನುವಾರ ಮಾತ್ರ" ಅಂದಳು. ಬಸ್ಸು ಉಚಿತ ನಿಜ. ಆದರೆ ದಿನಕ್ಕೆ ಎರಡು ಸಲ ಹೀಗೆ ನಿಂತು ಬಂದ ಮೇಲೆ ಓದಲು ಎಷ್ಟು ಶಕ್ತಿ ಉಳಿಯುತ್ತದೆ ಅನ್ನೋದನ್ನೂ ಲೆಕ್ಕ ಹಾಕಬೇಕು. ಹಾಸ್ಟೆಲ್ ಬಗ್ಗೆ ನಾನು ಗಟ್ಟಿಯಾಗಿ ಯೋಚಿಸಿದ್ದು ಆಗಲೇ.

ಹಾಸನದಲ್ಲಿ ಮೊದಲು ಹೋದ ಕಾಲೇಜಿನ ಹೆಸರು ಬರೆಯುವುದಿಲ್ಲ. ಕಟ್ಟಡ ಚೆನ್ನಾಗಿದೆ, ಬಣ್ಣ ಹೊಸದು. ಕೌಂಟರಿನಲ್ಲಿದ್ದವರು ಯಜಮಾನರ ಮುಖ ನೋಡಿ ಮಾತು ಶುರು ಮಾಡಿದರು. "ಮಗಳಿಗಾ ಸರ್? ಬಿಕಾಂ ಇದೆ, ಬಿಸಿಎ ಇದೆ." ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಅಂದರೆ ಎಚ್‌ಇಪಿ ಬೇಕು ಅಂದೆವು. "ಕಾಂಬಿನೇಷನ್ ಇದೆ ಸರ್. ಸಾಕಷ್ಟು ಜನ ಸೇರಿದ್ರೆ ನಡೆಸ್ತೀವಿ." ಸೇರದಿದ್ದರೆ? "ಬೇರೆದಕ್ಕೆ ಹಾಕ್ತೀವಿ." ಅಷ್ಟು ಹೊತ್ತೂ ಮಗಳ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ತರಗತಿಯಲ್ಲಿ ಸ್ವಲ್ಪ ಹೊತ್ತು ಕೂರಬಹುದಾ ಅಂತ ಕೇಳಿದ್ದಕ್ಕೆ ಅಂಥ ಪದ್ಧತಿ ಇಲ್ಲ ಅಂದರು.

ಲೈಬ್ರರಿ ನೋಡಲು ಬಿಟ್ಟರು. ಗಾಜಿನ ಬೀರುಗಳಿಗೆಲ್ಲ ಬೀಗ. ಮಗಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ತಲೆ ಓರೆ ಮಾಡಿ ಪುಸ್ತಕಗಳ ಬೆನ್ನಿನ ಹೆಸರು ಓದುತ್ತಾ ಹೋದಳು. "ಇದೊಂದು ತೆಗೆದು ನೋಡ್ಬಹುದಾ?" ಅಂದಳು. ಅಡ್ಮಿಷನ್ ಆದ ಮೇಲೆ ಚೀಟಿ ಬರೆದು ಕೊಡಬೇಕಂತೆ. ನನಗೆ ನಿಜಕ್ಕೂ ಬೇಜಾರಾಯಿತು. ಪುಸ್ತಕದ ಹೆಸರು ಮೊದಲೇ ಗೊತ್ತಿದ್ದರೆ ತಾನೇ ಚೀಟಿ ಬರೆಯೋದು? ಗೊತ್ತಿಲ್ಲದ ಪುಸ್ತಕ ಕೈಗೆ ಸಿಗಲಿ ಅಂತಲ್ವಾ ಲೈಬ್ರರಿ ಇರೋದು?

ಹಾಸನದ ಸರ್ಕಾರಿ ಕಲಾ ಕಾಲೇಜನ್ನು ಹೊರಗಿನಿಂದ ನೋಡಿದೆವು. ಅದು ಸ್ವಾಯತ್ತ ಕಾಲೇಜು, ಪರೀಕ್ಷೆಗಳನ್ನು ತಾವೇ ನಡೆಸುತ್ತಾರೆ. ಕಲಾ ವಿಷಯಗಳ ಹೆಸರು ಹೊತ್ತ ಒಂದು ಕಾಲೇಜು ಊರಲ್ಲಿ ಇರುವುದು ನೋಡಿ ಸಂತೋಷವಾಯಿತು. ಆದರೆ ಮಗಳು ಹುಡುಕುತ್ತಿದ್ದದ್ದು ಇನ್ನೂ ಚಿಕ್ಕದನ್ನು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ್ದನ್ನೇ ತಂದರು. ಹಳೇ ಬ್ಯಾಚಿನ ಮಕ್ಕಳ ಅನುಭವ ಕೇಳುವಾಗ ಇದು ನೆನಪಿರಬೇಕು, ಪಠ್ಯಕ್ರಮ ಬೇರೆ. ಹಾಗೆಯೇ ವಿಶ್ವವಿದ್ಯಾಲಯವೂ ಬೇರೆ. ಹಾಸನದ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಈಗ ಅದರ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯಲ್ಲೇ ಹಾಸನ ವಿಶ್ವವಿದ್ಯಾಲಯ ಆಗಿದೆ. ಚಿಕ್ಕಮಗಳೂರಿನವು 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ.

ಮಧ್ಯಾಹ್ನ ಬೇಲೂರಿನ ಬಸ್ ಹತ್ತಿದೆವು. ದಾರಿಯಲ್ಲೇ ಸಿಗುವ ಊರು, ಇತಿಹಾಸ ಓದುವ ಹುಡುಗಿ ಜೊತೆಗಿದ್ದಾಳೆ, ಇಳಿಯದೆ ಹೋಗುವುದು ಹೇಗೆ? ಚೆನ್ನಕೇಶವ ದೇವಸ್ಥಾನಕ್ಕೆ ಎಷ್ಟು ಸಲ ಹೋಗಿದ್ದೇವೋ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಇದೆಲ್ಲ ಗೊತ್ತಿತ್ತು. ಈ ಸಲ ಮಗಳು ನಮ್ಮನ್ನು ಮದನಿಕೆಯರ ಮುಖ ಬಿಟ್ಟು ಪಾದದ ಕೆಳಗೆ ನೋಡಲು ಹೇಳಿದಳು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದಳು. ಪೀಠದ ಮೇಲೆ ಪುಟ್ಟ ಪುಟ್ಟ ಹಳಗನ್ನಡ ಅಕ್ಷರ. ಕೆತ್ತಿದವರೇ ತಮ್ಮ ಹೆಸರು ಹಾಕಿಕೊಂಡಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಇಬ್ಬರೂ ಇಲ್ಲಿ ಕೆಲಸ ಮಾಡಿದವರು. "ನೋಡಮ್ಮ, ರಾಜನ ಹೆಸರು ಎಲ್ರಿಗೂ ಗೊತ್ತು. ಇವರ ಹೆಸರು ಉಳಿದಿರೋದು ಇವರೇ ಬರೆದಿದ್ದಕ್ಕೆ" ಅಂದಳು. ಯಜಮಾನರು ಆ ಫೋಟೋವನ್ನು ತುಂಬಾ ಹೊತ್ತು ನೋಡಿದರು. ಮಗಳು ಬಿಎ ಓದಿ ಏನು ಮಾಡುತ್ತಾಳೆ ಅಂತ ಕೇಳುವವರು ಅವತ್ತು ನಮ್ಮ ಜೊತೆಯಲ್ಲಿ ಇರಬೇಕಿತ್ತು.

ಬೇಲೂರಿನಿಂದ ಚಿಕ್ಕಮಗಳೂರಿಗೆ ಸುಮಾರು 25 ಕಿಲೋಮೀಟರ್. ಊರು ಹತ್ತಿರ ಬಂದಂತೆ ಯಜಮಾನರು 1978ರ ಉಪಚುನಾವಣೆಯ ಕಥೆ ತೆಗೆದರು. ಇಂದಿರಾ ಗಾಂಧಿ ಇಲ್ಲಿಂದ ನಿಂತು ವೀರೇಂದ್ರ ಪಾಟೀಲರ ವಿರುದ್ಧ ಗೆದ್ದದ್ದು, ದೇಶವೇ ಈ ಕಾಫಿ ಸೀಮೆಯ ಕಡೆ ನೋಡಿದ್ದು, ಎಲ್ಲ ಅವರ ತಂದೆಯ ಬಾಯಲ್ಲಿ ಕೇಳಿದ್ದು. ಮಗಳು ರಾಜ್ಯಶಾಸ್ತ್ರವನ್ನು ಬಿಡುವುದಿಲ್ಲ ಅಂತ ನನಗೆ ಅಲ್ಲೇ ಗೊತ್ತಾಯಿತು, ಅಷ್ಟು ಪ್ರಶ್ನೆ ಕೇಳಿದಳು. ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದೆವು. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಮಾಡಿದ್ದರು.

ಮಾರನೆಯ ದಿನ ಹೋದದ್ದು ಊರಂಚಿನ ಒಂದು ಚಿಕ್ಕ ಕಾಲೇಜಿಗೆ. ಎರಡು ಸಾಲು ಹೆಂಚಿನ ಕೊಠಡಿ, ಮಧ್ಯೆ ಅಂಗಳ, ಒಂದು ಸಿಲ್ವರ್ ಮರ. ಆಫೀಸಿನಲ್ಲಿ ವಿಷಯ ಹೇಳುತ್ತಿದ್ದಂತೆ ಪ್ರಿನ್ಸಿಪಾಲ್ ಮೇಡಂ ಹೊರಗೆ ಬಂದರು. ಮಗಳನ್ನೇ ಕೇಳಿದರು: "ಏನು ಓದ್ಬೇಕು ಅಂತ ಆಸೆ ಇದೆಯಮ್ಮ?" ಅವಳು ಹೇಳಿದಳು. "ಈಗ ಎರಡನೇ ವರ್ಷದವರಿಗೆ ಇತಿಹಾಸ ಇದೆ, ಹೋಗಿ ಕೂತ್ಕೊ. ಅಪ್ಪ ಅಮ್ಮನೂ ಹೋಗ್ಲಿ."

ತರಗತಿಯಲ್ಲಿ ಇಪ್ಪತ್ತು ಮಕ್ಕಳೂ ಇರಲಿಲ್ಲ. ಪಾಠ ಟಿಪ್ಪು ಸುಲ್ತಾನನ ಕಾಲದ ಕೋಟೆಗಳದ್ದು. ಸಕಲೇಶಪುರದವರು ಅಂತ ತಿಳಿದದ್ದೇ ಮೇಷ್ಟ್ರು ಮಗಳ ಕಡೆ ತಿರುಗಿದರು. "ಹಾಗಾದ್ರೆ ಮಂಜರಾಬಾದ್ ಕೋಟೆ ನೋಡಿರ್ತೀಯ. ನಕ್ಷತ್ರದ ಆಕಾರ ಯಾಕೆ ಹೇಳು?" ನೂರು ಸಲ ಹತ್ತಿದ ಕೋಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೇಷ್ಟ್ರು ಉತ್ತರ ಹೇಳಲಿಲ್ಲ. ಸೀಮೆಸುಣ್ಣ ಅವಳ ಕೈಗೆ ಕೊಟ್ಟು, "ಬೋರ್ಡ್ ಮೇಲೆ ಒಂದು ಚೌಕದ ಕೋಟೆ ಬರಿ. ಮೂಲೆಯಲ್ಲಿ ನಿಂತವನ ಗುಂಡು ಎಲ್ಲಿಗೆ ಹೋಗುತ್ತೆ, ಗೆರೆ ಹಾಕು" ಅಂದರು. ಅವಳು ಗೆರೆ ಹಾಕುತ್ತಾ ಹೋದಳು. ಹಿಂದಿನ ಬೆಂಚಿನ ಹುಡುಗನೊಬ್ಬ "ಗೋಡೆ ಬುಡಕ್ಕೆ ಬಂದವನು ಕಾಣಲ್ಲ ಸರ್" ಅಂದ. "ಹಾಂ. ಈಗ ಮೂಲೆಗಳನ್ನ ಹೊರಗೆ ಎಳಿ." ಮಗಳು ಎಳೆದಳು. ಒಂದು ಮೂಲೆಯಿಂದ ಹೊರಟ ಗೆರೆ ಪಕ್ಕದ ಮೂಲೆಯ ಗೋಡೆಯ ಉದ್ದಕ್ಕೂ ಹೋಯಿತು. ಬುಡದಲ್ಲಿ ಅಡಗಲು ಜಾಗವೇ ಇಲ್ಲ. ಎಂಟು ಮೂಲೆ ಬರೆದು ಮುಗಿಸುವಾಗ ಬೋರ್ಡಿನ ಮೇಲೆ ನಮ್ಮೂರಿನ ಕೋಟೆ ನಿಂತಿತ್ತು. ಆಮೇಲೆ ಮೇಷ್ಟ್ರು ಉಳಿದದ್ದು ಹೇಳಿದರು: 1792ರ ಕೋಟೆ, ಫ್ರೆಂಚರ ಕೋಟೆ ಕಟ್ಟುವ ವಿದ್ಯೆ, ತೋಪು ಬಂದ ಮೇಲೆ ಗೋಡೆಯ ಆಕಾರ ಬದಲಾದದ್ದು, ಕರಾವಳಿಗೆ ಇಳಿಯುವ ಘಾಟಿಯನ್ನು ಕಾಯುವ ಅಗತ್ಯ. ನನಗೆ ಗಂಟೆ ಹೊಡೆದದ್ದೇ ಗೊತ್ತಾಗಲಿಲ್ಲ.

ಅಲ್ಲಿನ ಲೈಬ್ರರಿ ಒಂದೇ ಕೋಣೆ. ಆದರೆ ಕಪಾಟುಗಳಿಗೆ ಬಾಗಿಲಿಲ್ಲ. ಮಗಳು ತಡಕಾಡಿ ತೆಗೆದದ್ದು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ. 1902ರಲ್ಲಿ ಮೊದಲು ಅಚ್ಚಾದ, ಹಾಸನ ಜಿಲ್ಲೆಯ ಶಾಸನಗಳ ಸಂಪುಟ. ನಮ್ಮ ತಾಲ್ಲೂಕು ಅದರಲ್ಲಿ ಮಂಜರಾಬಾದ್ ಅಂತಲೇ ಇದೆ. ಅವಳು ಅಲ್ಲೇ ನೆಲದ ಮೇಲೆ ಕೂತು ನಮ್ಮ ಸುತ್ತಮುತ್ತಲ ಊರುಗಳ ಹೆಸರು ಹುಡುಕತೊಡಗಿದಳು. ಲೈಬ್ರರಿಯವರು ಒಂದು ಕುರ್ಚಿ ತಂದು ಹಾಕಿದರು. ಇನ್ನೂ ಸೇರದ ಹುಡುಗಿ ಪುಸ್ತಕ ಮುಟ್ಟಿದಳು ಅಂತ ಯಾರೂ ಕೇಳಲಿಲ್ಲ.

ಮೇಷ್ಟ್ರ ಜೊತೆ ಚಹಾ ಕುಡಿಯುವಾಗ ನಾನು ಕೇಳಲೇಬೇಕಾದದ್ದನ್ನು ಕೇಳಿದೆ. ಇಲ್ಲಿ ಕಾಯಂ ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ? ಅವರು ಮುಚ್ಚುಮರೆ ಮಾಡಲಿಲ್ಲ. "ನಾನೇ ಅತಿಥಿ, ಮೇಡಂ. ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕ್ಬೇಕು. ಬರೋ ವರ್ಷ ಇಲ್ಲೇ ಇರ್ತೀನಿ ಅಂತ ಮಾತು ಕೊಡೋಕಾಗಲ್ಲ." ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಇಷ್ಟು ಚೆನ್ನಾಗಿ ಪಾಠ ಮಾಡುವವರಿಗೆ ಬೇಸಿಗೆ ಬಂತೆಂದರೆ ಕೆಲಸ ಇದೆಯೋ ಇಲ್ಲವೋ ಅನ್ನುವ ಚಿಂತೆ. ರಾಜ್ಯದ ಎಷ್ಟೋ ಸರ್ಕಾರಿ ಕಾಲೇಜುಗಳು ನಡೆಯುತ್ತಿರುವುದೇ ಇಂಥವರಿಂದ. ಅವರನ್ನು ಹೀಗೆ ತೂಗುಯ್ಯಾಲೆಯಲ್ಲಿ ಇಟ್ಟಿರುವುದು ತಪ್ಪು. ಅದರ ನಷ್ಟ ಮೇಷ್ಟ್ರಿಗೆ ಎಷ್ಟೋ ನಮ್ಮ ಮಕ್ಕಳಿಗೂ ಅಷ್ಟೇ.

ವಿದ್ಯಾರ್ಥಿಗಳನ್ನು ಹಲ್ಮಿಡಿಗೂ ಕರೆದುಕೊಂಡು ಹೋಗುತ್ತಾರಂತೆ. ಸುಮಾರು ಕ್ರಿ.ಶ. 450ರ ಆ ಕನ್ನಡ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲೇ, 1936ರಲ್ಲಿ ಎಂ.ಎಚ್. ಕೃಷ್ಣ ಅವರಿಗೆ. ಮೂಲ ಕಲ್ಲು ಊರಲ್ಲಿಲ್ಲ, ಪ್ರತಿಕೃತಿ ಇದೆ. "ಐಚ್ಛಿಕ ಕನ್ನಡ ತಗೊಂಡ್ರೆ ಶಾಸನ ಓದೋಕೆ ಅನುಕೂಲ" ಅಂದರು ಮೇಷ್ಟ್ರು. ಈಗ ಮಗಳ ತಲೆಯಲ್ಲಿ ಅದೇ ಹುಳು.

ಮೂಡಿಗೆರೆ, ಜನ್ನಾಪುರ, ಹಾನುಬಾಳು ಮೇಲೆ ಹಾಯ್ದು ವಾಪಸ್ ಬರುವಾಗ ಬಸ್ಸಿನಲ್ಲೇ ಚರ್ಚೆ. ಯಜಮಾನರಿಗೆ ಹಾಸನವೇ ಸರಿ ಅನ್ನಿಸಿತ್ತು, ಹತ್ತಿರ ಅಂತ. "ಆ ಮೇಷ್ಟ್ರು ಬಿಟ್ಟು ಹೋದ್ರೆ?" ಅಂದರು. ಮಗಳು ಯೋಚಿಸಿಯೇ ಉತ್ತರ ಕೊಟ್ಟಳು. "ಹೋಗ್ಬಹುದು ಅಪ್ಪ. ಲೈಬ್ರರಿ ಇರುತ್ತೆ, ಪ್ರಿನ್ಸಿಪಾಲ್ ಮೇಡಂ ಇರ್ತಾರೆ. ಕ್ಲಾಸಲ್ಲಿ ಅಷ್ಟೇ ಜನ ಇರ್ತೀವಿ." ಅವರು ಆಮೇಲೆ ಹಾಸ್ಟೆಲ್ ಊಟದ ಬಗ್ಗೆ ಕೇಳಲು ಶುರು ಮಾಡಿದರು. ಒಪ್ಪಿದ್ದಾರೆ ಅಂತ ನಾವಿಬ್ಬರೂ ತಿಳಿದುಕೊಂಡೆವು.

ಇತಿಹಾಸ, ರಾಜ್ಯಶಾಸ್ತ್ರ ಎರಡೂ ಗಟ್ಟಿ. ಮೂರನೆಯದು ಅರ್ಥಶಾಸ್ತ್ರವೋ ಐಚ್ಛಿಕ ಕನ್ನಡವೋ ಇನ್ನೂ ತೀರ್ಮಾನ ಆಗಿಲ್ಲ. ಡಿಗ್ರಿ ಪ್ರವೇಶದ ಸರ್ಕಾರಿ ಜಾಲತಾಣ ಯುಯುಸಿಎಂಎಸ್‌ನಲ್ಲಿ ಅರ್ಜಿ ತೆರೆದ ಕೂಡಲೇ ಹಾಕಬೇಕು. ಹಿಂದುಳಿದ ವರ್ಗಗಳ ಹಾಸ್ಟೆಲ್‌ಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು, ನಮ್ಮದರ ಅವಧಿ ಮುಗಿದಿದೆ. ಸೋಮವಾರ ಯಜಮಾನರು ನಾಡಕಚೇರಿಗೆ ಹೋಗುತ್ತಾರೆ.