ಕಡಲು ಕಾಣುತ್ತದೆ, ಇಳಿಯೋದು ಹೇಗೆ?

12 ಜನವರಿ 2025, ಭಾನುವಾರ

ಅಮ್ಮನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು ಬೇರೆ. ಮಗಳಿಗೆ ನಾಲ್ಕು ವರ್ಷ. ಇಬ್ಬರದ್ದೂ ಒಂದೇ ಆಸೆ, ಕಡಲ ನೀರಿಗೆ ಕಾಲಿಡಬೇಕು. ಉಡುಪಿ ಕಡೆಯ ಈ ರೆಸಾರ್ಟಿನ ಹೆಸರು ಬೇಡ ಬಿಡಿ. ಬಾಲ್ಕನಿಯಿಂದ ಕಡಲು ಚೆನ್ನಾಗಿ ಕಾಣುತ್ತದೆ. ಆದರೆ ಮಧ್ಯೆ ಕಡಲ್ಕೊರೆತಕ್ಕೆಂದು ಸುರಿದ ದೊಡ್ಡ ಕಲ್ಲುಗಳು. ಇಳಿಯಲು ಎತ್ತರದ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಕೇಳಿದರೆ, "ಎಲ್ಲರೂ ಹೀಗೇ ಹೋಗ್ತಾರೆ ಮೇಡಂ" ಎಂದರು.

ಕಲ್ಲು ಹಾಕಿದ್ದು ತಪ್ಪೆನ್ನುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ತೆಂಗಿನ ಮರಗಳೇ ಕಡಲು ಸೇರುತ್ತವೆ. ಮರವಂತೆಯಲ್ಲಿ ಹೆದ್ದಾರಿ ಪಕ್ಕವೂ ಕಲ್ಲುಗಳೇ. ಆದರೆ ಅಷ್ಟು ಚಂದದ ಈಜುಕೊಳ ಕಟ್ಟಿದವರಿಗೆ ಒಂದು ಇಳಿಜಾರು, ಒಂದು ಕಬ್ಬಿಣದ ಕಂಬಿ ಭಾರವೇ?

ಸಂಜೆ ಪಡುಬಿದ್ರಿಗೆ ಹೋದೆವು. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ದೇಶದ 8 ಬೀಚುಗಳಲ್ಲಿ ನಮ್ಮ ರಾಜ್ಯದ್ದು ಎರಡು: ಇದು, ಹೊನ್ನಾವರದ ಕಾಸರಕೋಡು. ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಈ ಗುರುತಿಗೆ 33 ಷರತ್ತುಗಳಿವೆ. ನೀರಿನ ಪರೀಕ್ಷೆ, ಲೈಫ್‌ಗಾರ್ಡ್, ಶೌಚಾಲಯಗಳ ಜೊತೆ ನಡೆಯಲಾಗದವರ ಅನುಕೂಲವೂ ಅದರಲ್ಲಿ ಸೇರಿದೆ.

ಅಮ್ಮನಿಗೆ ಜಾಸ್ತಿ ಕಷ್ಟ ಒಣ ಮರಳಿನದ್ದು. ಹೆಜ್ಜೆ ಹೂತುಹೋಗುತ್ತದೆ. ಮಾಮೂಲಿ ವೀಲ್‌ಚೇರಿನ ಗತಿಯೂ ಅದೇ, ಅದಕ್ಕೇ ಬೀಚಿನ ಕುರ್ಚಿಗೆ ಬಲೂನಿನಂಥ ದಪ್ಪ ಟೈರು ಹಾಕುತ್ತಾರೆ. ಇಳಿತದ ಹೊತ್ತಾದ್ದರಿಂದ ನೀರಿನ ಬಳಿ ಒದ್ದೆ ಮರಳು ಅಗಲವಾಗಿ, ಗಟ್ಟಿಯಾಗಿ ಸಿಕ್ಕಿತು. ಅಲ್ಲಿಯವರೆಗೆ ನನ್ನ ತೋಳು ಹಿಡಿದಿದ್ದ ಅಮ್ಮ ಆಮೇಲೆ ತಾನೇ ನಡೆದಳು. ಮಗಳ ಕೈಯನ್ನು ಮಾತ್ರ ನಾನು ಬಿಡಲಿಲ್ಲ. ಚಿಕ್ಕವರನ್ನು ಬೀಳಿಸುವುದು ಬರುವ ಅಲೆಗಿಂತ ಹಿಂದಕ್ಕೆ ಹೋಗುವ ನೀರು. ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ.

ಚೆನ್ನೈನ ಮರೀನಾದಲ್ಲಿ 2022ರ ನವೆಂಬರಿನಲ್ಲಿ ನಡೆಯಲಾಗದವರಿಗೆಂದು ನೀರಿನ ಹತ್ತಿರದವರೆಗೆ ಮರದ ದಾರಿ ಹಾಕಿದರು. ಮರು ತಿಂಗಳೇ ಮಾಂಡೋಸ್ ಚಂಡಮಾರುತಕ್ಕೆ ಅದು ಹಾಳಾಯಿತು. ಸುಮ್ನೆ ಬಿಡಲಿಲ್ಲ, ಮತ್ತೆ ಸರಿಮಾಡಿದರು. ಊರಿನ ಬೀಚಿಗೇ ಅಷ್ಟು ಮಾಡಬಹುದಾದರೆ, ಒಂದು ರಾತ್ರಿಗೆ ಸಾವಿರಗಟ್ಟಲೆ ತೆಗೆದುಕೊಳ್ಳುವವರು ಮರಳಿನ ಮೇಲೆ ನಡೆಯಲು ಒಂದು ಚಾಪೆ ಹಾಸಬಹುದು, ಅಲ್ವಾ?

ಇನ್ನು ಮೇಲೆ ರೂಮಿನ ಫೋಟೊ ಕೇಳುವುದಿಲ್ಲ. ರೂಮಿನಿಂದ ನೀರಿನವರೆಗಿನ ದಾರಿಯ ವಿಡಿಯೊ ಕಳಿಸಿ ಎನ್ನುತ್ತೇನೆ.

ನಾಳೆ ಮಲ್ಪೆ. ಸೇಂಟ್ ಮೇರೀಸ್ ದ್ವೀಪ ಬೇಡ, ದೋಣಿ ಹತ್ತಿ ಇಳಿಯುವುದು ಕಷ್ಟ ಎಂದೆ. ಅಮ್ಮ "ಅದನ್ನ ಅಲ್ಲಿ ಹೋಗಿ ನೋಡೋಣ" ಎನ್ನುತ್ತಿದ್ದಾಳೆ.