ನೀರು ಇಳಿಸುವ ಮಾತ್ರೆ ಕೇಳುವ ಹುಡುಗರಿಗೆ

ವೈದ್ಯರ ಚೀಟಿ ಇಲ್ಲದೆ, ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಫ್ಯೂರೋಸೆಮೈಡ್ ಮಾತ್ರೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ನಮ್ಮ ದಾವಣಗೆರೆಯ ಜಿಮ್ ಹುಡುಗರಿಗೆ ಇದು ಗೊತ್ತು. ಆದರೂ ದೇಹದಾರ್ಢ್ಯ ಸ್ಪರ್ಧೆಗಳು ಹತ್ತಿರ ಬಂದವೆಂದರೆ ಯಾರಾದರೊಬ್ಬರು ಔಷಧ ಅಂಗಡಿಯ ಕೌಂಟರಿನ ಮೂಲೆಗೆ ಬಂದು, ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾ, ಮೈಯಲ್ಲಿ ನೀರು ನಿಂತಿದೆ. ಇಳಿಯುವುದಕ್ಕೆ ಏನಾದರೂ ಕೊಡಿ." ಕೆನ್ನೆ ತುಂಬಿಕೊಂಡಿರುತ್ತದೆ, ಕಣ್ಣಿನ ಕೆಳಗೆ ಊದಿರುತ್ತದೆ. ಸ್ನಾಯು ಬೆಳೆಸುವ ಸ್ಟೀರಾಯ್ಡ್ ಕೋರ್ಸಿನಲ್ಲಿ ಇದ್ದೇನೆಂದು ಅವರು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಇಲ್ಲ ಎಂದು ಕಳಿಸಿಬಿಡುವುದು ಸುಲಭ. ಆದರೆ ಹಾಗೆ ಹೋದವನಿಗೆ ಆ ಮಾತ್ರೆ ಇನ್ನೆಲ್ಲೋ ಸಿಕ್ಕೇ ಸಿಗುತ್ತದೆ. ಅದಕ್ಕಾಗಿ ನಾನು ಕೂರಿಸಿ ಮಾತನಾಡುತ್ತೇನೆ. ಅಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅಂಗಡಿಗೆ ಬರದವರೇ ಹೆಚ್ಚು.

ನೀರು ಯಾಕೆ ನಿಲ್ಲುತ್ತದೆ ಎಂಬುದು ಮೊದಲು ತಿಳಿಯಬೇಕು. ಈ ಸ್ಟೀರಾಯ್ಡ್‌ಗಳ ಮೂಲವಾದ ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಹೊರಗಿನಿಂದ ಯಥೇಚ್ಛವಾಗಿ ಒಳಹೋದಾಗ ಅದರ ಒಂದು ಪಾಲನ್ನು ಅರೊಮಟೇಸ್ ಎಂಬ ಕಿಣ್ವ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಈ ಕಿಣ್ವ ಕೊಬ್ಬಿನಲ್ಲಿ ಹೇರಳವಾಗಿರುವುದರಿಂದ ಮೈಯಲ್ಲಿ ಕೊಬ್ಬು ಇದ್ದವರಿಗೆ ಊತವೂ ಸಾಮಾನ್ಯವಾಗಿ ಜಾಸ್ತಿ. ಈಸ್ಟ್ರೋಜನ್ ಏರಿದರೆ ಮೂತ್ರಪಿಂಡ ಸೋಡಿಯಂ ಅನ್ನು ಹೊರಬಿಡದೆ ಹಿಡಿದುಕೊಳ್ಳುತ್ತದೆ. ಸೋಡಿಯಂ ನಿಂತಲ್ಲಿ ನೀರೂ ನಿಲ್ಲುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಟೆಸ್ಟೋಸ್ಟೆರಾನ್ ತಾನೇ ನೇರವಾಗಿ ಮೂತ್ರಪಿಂಡದ ಮೇಲೂ ಕೆಲಸ ಮಾಡಿ ಸೋಡಿಯಂ ಉಳಿಸಿಕೊಳ್ಳುವಂತೆ ಮಾಡುತ್ತದೆ. ಆದ್ದರಿಂದಲೇ "ಈಸ್ಟ್ರೋಜನ್ ತಡೆಯುವ ಮಾತ್ರೆ ನುಂಗಿದರೆ ನೀರು ಇಳಿಯುತ್ತದೆ" ಎಂಬ ಜಿಮ್ಮಿನ ಮಾತು ಅರ್ಧ ಸತ್ಯ.

1958ರಲ್ಲಿ ಸೀಬಾ ಕಂಪನಿ ಅಮೆರಿಕದ ಮಾರುಕಟ್ಟೆಗೆ ತಂದ ಡಯಾನಾಬಾಲ್ ಎಂಬ ಸ್ಟೀರಾಯ್ಡ್ ಮಾತ್ರೆ ಇಂದಿಗೂ ನಮ್ಮ ಹುಡುಗರ ಬಾಯಲ್ಲಿದೆ. ಅದು ದೇಹದಲ್ಲಿ ಮೀಥೈಲ್ ಎಸ್ಟ್ರಡಯಾಲ್ ಎಂಬ ಬಗೆಯ ಈಸ್ಟ್ರೋಜನ್ ಆಗುತ್ತದೆ. ಇದು ನಮ್ಮ ದೇಹವೇ ತಯಾರಿಸುವ ಈಸ್ಟ್ರೋಜನ್‌ನಂತೆ ಬೇಗ ಕರಗಿ ಹೋಗುವಂಥದ್ದಲ್ಲ. ಆಕ್ಸಿಮೆಥೊಲೋನ್ ಎಂಬ ಸ್ಟೀರಾಯ್ಡ್‌ನ ಕಥೆ ಇನ್ನೊಂದು ಬಗೆ. ಅದು ಅರೊಮಟೇಸ್ ಕೈಗೆ ಸಿಗುವುದೇ ಇಲ್ಲ, ಆದರೂ ಮೈ ಊದಿಸುತ್ತದೆ. ಅಂಥ ಊತಕ್ಕೆ ಅರೊಮಟೇಸ್ ತಡೆಯುವ ಅನಾಸ್ಟ್ರೋಜೋಲ್ ನುಂಗಿ ಏನು ಪ್ರಯೋಜನ? ಅದು ಸ್ತನ ಕ್ಯಾನ್ಸರಿನ ಹೆಂಗಸರಿಗೆ ಕೊಡುವ ಔಷಧ. ಗಂಡಸಿನ ಮೂಳೆಗೂ ಈಸ್ಟ್ರೋಜನ್ ಬೇಕು. ಅದನ್ನು ಮನಬಂದಂತೆ ನೆಲಕಚ್ಚಿಸಿದರೆ ಕೀಲು ನೋವು ಶುರುವಾಗುತ್ತದೆ, ಸ್ಟೀರಾಯ್ಡ್‌ನಿಂದ ಮೊದಲೇ ಕುಸಿದಿರುವ ಒಳ್ಳೆಯ ಕೊಲೆಸ್ಟರಾಲ್ ಇನ್ನಷ್ಟು ಕುಸಿಯಬಹುದು.

ಮೊದಲ ಕೆಲವು ವಾರಗಳಲ್ಲಿ ತೂಕದ ಯಂತ್ರದ ಮುಳ್ಳು ಜಿಗಿಯುವುದನ್ನು ಕಂಡು ಹುಡುಗರು ಹಿಗ್ಗುತ್ತಾರೆ. ಸ್ನಾಯು ವಾರಕ್ಕೆ ಕಿಲೋಗಟ್ಟಲೆ ಬೆಳೆಯುವುದಿಲ್ಲ. ಆ ಜಿಗಿತದಲ್ಲಿ ದೊಡ್ಡ ಪಾಲು ನೀರು, ಮತ್ತು ಆ ನೀರಿನ ಒಂದಂಶ ರಕ್ತನಾಳದೊಳಗೇ ಇದೆ. ನನಗೆ ಚಿಂತೆ ಇರುವುದು ಆ ನೀರಿನ ಬಗ್ಗೆ.

ಒಮ್ಮೆ ಒಬ್ಬ ಹುಡುಗ ಕಾಲುಚೀಲ ಬಿಚ್ಚಿ ತೋರಿಸಿದ. ಎಲಾಸ್ಟಿಕ್ ಇದ್ದಲ್ಲಿ ಕಾಲ ಸುತ್ತ ಆಳವಾದ ಗೆರೆ, ಅದರ ಮೇಲೂ ಕೆಳಗೂ ಚರ್ಮ ಬಿಗಿದು ಹೊಳೆಯುತ್ತಿತ್ತು. ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ತೆಗೆದರೆ ಗುಳಿ ಬಿತ್ತು, ನಿಧಾನಕ್ಕೆ ತುಂಬಿಕೊಂಡಿತು. ಅವನ ಚಿಂತೆಯೆಲ್ಲ ಹೊಟ್ಟೆಯ ಕಟ್ಟುಗಳು ಕಾಣುತ್ತಿಲ್ಲವೆಂಬುದು. ನಾನು ಬಿ.ಪಿ. ನೋಡಿದೆ. 164/102. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರೂ ಹೆಚ್ಚೇನೂ ಇಳಿದಿರಲಿಲ್ಲ. ತಲೆನೋವು, ಸುಸ್ತು ಏನೂ ಇರಲಿಲ್ಲ ಅವನಿಗೆ. ಇಪ್ಪತ್ತರ ಆಸುಪಾಸಿನ, ಕಟ್ಟುಮಸ್ತಾದ ಹುಡುಗ.

ಇಲ್ಲಿ ಒಂದು ಮಾತು ಹೇಳಲೇಬೇಕು. ದಪ್ಪ ತೋಳಿಗೆ ಸಾಧಾರಣ ಪಟ್ಟಿ ಸುತ್ತಿದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. "ಜಿಮ್ ಮಾಡುವವರಿಗೆ ಬಿ.ಪಿ. ಜಾಸ್ತಿ ತೋರಿಸುವುದು ಸಹಜ" ಎಂದು ಹುಡುಗರು ತಳ್ಳಿಹಾಕುವುದಕ್ಕೆ ಇದೂ ಒಂದು ನೆಪ. ದೊಡ್ಡ ಅಳತೆಯ ಪಟ್ಟಿ ಸಿಗುತ್ತದೆ. ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಮನೆಗೆ ಯಂತ್ರ ಕೊಳ್ಳುವವರು ತೋಳಿನ ಸುತ್ತಳತೆ ಹೇಳಿ ಕೊಳ್ಳಿ. ಸರಿಯಾದ ಪಟ್ಟಿಯಲ್ಲೂ ಬೇರೆ ಬೇರೆ ದಿನ 140/90 ದಾಟುತ್ತಿದ್ದರೆ ಅದು ನಿಜವಾದ ಬಿ.ಪಿ. ಕನ್ನಡಿಯಲ್ಲಿ ಕಾಣುವ ಕೆನ್ನೆಗಿಂತ ಈ ಅಂಕಿ ಮುಖ್ಯ.

ಇನ್ನು ಮಾತ್ರೆಯ ವಿಷಯ. ಲ್ಯಾಸಿಕ್ಸ್ ಎಂದು ಜನ ಕರೆಯುವ ಫ್ಯೂರೋಸೆಮೈಡ್ ಹೃದಯ ಸೋತವರ, ಮೂತ್ರಪಿಂಡ ಸೋತವರ ಜೀವ ಉಳಿಸುವ ಔಷಧ. ಅದು ಸೋಡಿಯಂ ಜೊತೆಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ಅನ್ನೂ ಹೊರಗೆಳೆಯುತ್ತದೆ. ಹೃದಯದ ಬಡಿತ ತಾಳ ತಪ್ಪದೆ ನಡೆಯುವುದು ಇವುಗಳ ಬಲದಿಂದಲೇ. ಸ್ಟೀರಾಯ್ಡ್ ತೆಗೆದುಕೊಳ್ಳುವವನ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚಾಗಿ ರಕ್ತ ಮೊದಲೇ ಮಂದವಾಗಿರುತ್ತದೆ. ಅದರಿಂದ ನೀರನ್ನೂ ಹಿಂಡಿ ತೆಗೆದರೆ ಹೆಪ್ಪುಗಟ್ಟಲು ದಾರಿ ಮಾಡಿಕೊಟ್ಟಂತೆ. 1992ರಲ್ಲಿ ದೇಹದಾರ್ಢ್ಯ ಪಟು ಮೊಹಮ್ಮದ್ ಬೆನಾಜಿಜಾ ಹಾಲೆಂಡಿನಲ್ಲಿ ಸ್ಪರ್ಧೆ ಮುಗಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. 1996ರಲ್ಲಿ ಆಸ್ಟ್ರಿಯಾದ ಇನ್ನೊಬ್ಬ ಪಟು ಆಂಡ್ರಿಯಾಸ್ ಮುಂಟ್ಸರ್ ತೀರಿಕೊಂಡಾಗ ವಯಸ್ಸು 31. ಇಬ್ಬರ ಸಾವಿನ ಜೊತೆಗೂ ನೀರಿಳಿಸುವ ಮಾತ್ರೆಗಳ ಹೆಸರು ಸೇರಿಕೊಂಡಿದೆ. ಇವರು ಆ ಕ್ರೀಡೆಯ ಅತ್ಯುನ್ನತ ಮಟ್ಟದವರು. ಪ್ರಮಾಣ ಗೊತ್ತಿಲ್ಲದ ಅರೆತಿಳಿವಳಿಕೆಯ ಹುಡುಗರು ಎಂದು ಯಾರೂ ಹೇಳಲಾರರು.

ಅಲ್ಡಾಕ್ಟೋನ್, ಅಂದರೆ ಸ್ಪೈರೊನೊಲ್ಯಾಕ್ಟೋನ್, ಸೌಮ್ಯವಾದದ್ದು ಎಂದು ಅದನ್ನು ಹುಡುಕುವವರಿದ್ದಾರೆ. ಅದರ ಸ್ವಭಾವ ಫ್ಯೂರೋಸೆಮೈಡ್‌ಗೆ ತದ್ವಿರುದ್ಧ. ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುತ್ತದೆ. ಅದನ್ನು ನುಂಗಿ, ಮಾಂಸಖಂಡ ಹಿಡಿದುಕೊಳ್ಳಬಾರದೆಂದು ದಿನವಿಡೀ ಎಳನೀರು ಕುಡಿದವನ ಪಾಡು ನೆನೆದರೆ ನನಗೆ ಕೈ ನಡುಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿದೆ. ರಕ್ತದಲ್ಲಿ ಅದು ಮಿತಿ ಮೀರಿದರೆ ಹೃದಯ ಮುನ್ಸೂಚನೆಯೇ ಇಲ್ಲದೆ ನಿಲ್ಲಬಹುದು. ಸ್ಪರ್ಧಿಗಳು ಇನ್ನೊಂದು ತಿಳಿದಿರಲಿ: ಸ್ಟೀರಾಯ್ಡ್‌ಗಳಂತೆ ಈ ಎರಡು ಮಾತ್ರೆಗಳೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿವೆ.

ಯಾರೂ ಅನುಮಾನಿಸದ ಒಂದು ವಸ್ತು ನೋವಿನ ಮಾತ್ರೆ. ಭುಜ ನೋವು, ಮಂಡಿ ನೋವು ಎಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ವಾರಗಟ್ಟಲೆ ನುಂಗುತ್ತಾರೆ. ಇವೂ ಉಪ್ಪು, ನೀರು ಹಿಡಿದಿಡುತ್ತವೆ, ಬಿ.ಪಿ. ಏರಿಸುತ್ತವೆ. ನೀರಿಳಿಸುವ ಮಾತ್ರೆಯೊಂದಿಗೆ ಸೇರಿದರೆ ಮೂತ್ರಪಿಂಡಕ್ಕೆ ಎರಡೂ ಕಡೆಯಿಂದ ಪೆಟ್ಟು. ಊತ ಎಂದು ಬಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು, ಅರ್ಧ ಜನ "ಅದು ಬರೀ ನೋವಿನ ಮಾತ್ರೆ ಅಲ್ಲವಾ ಅಕ್ಕಾ" ಎನ್ನುತ್ತಾರೆ.

ಉಪ್ಪಿನ ಮಾತು ಎತ್ತಿದರೆ ದಾವಣಗೆರೆಯವರಿಗೆ ಕಷ್ಟ. ಸಂಜೆ ಮಂಡಕ್ಕಿ, ಮಿರ್ಚಿ ಬಿಡಿ ಎಂದು ಹೇಳಲು ನನಗೂ ಮನಸ್ಸು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು, ಅಂದರೆ ಎಲ್ಲ ಅಡುಗೆಯೂ ಸೇರಿ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಪೊಟ್ಟಣದ ನೂಡಲ್ಸ್, ಸಾಸ್ ಇವನ್ನು ಕಡಿಮೆ ಮಾಡಿದರೆ ಕೆಲವೇ ದಿನಗಳಲ್ಲಿ ಉಂಗುರ ಸಡಿಲವಾಗುವುದು ಗೊತ್ತಾಗುತ್ತದೆ. ಸ್ಪರ್ಧೆಗೆ ಮುಂಚೆ ಉಪ್ಪನ್ನು ಪೂರ್ತಿ ಬಿಟ್ಟು, ನೀರನ್ನೂ ಬಿಡುವುದು ಬೇರೆಯದೇ ಅಪಾಯ. ನೀರು ಕುಡಿಯುವುದು ನಿಂತರೆ ದೇಹ ಇದ್ದ ನೀರನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಬಾಯಾರಿಕೆಗೆ ತಕ್ಕಂತೆ ಕುಡಿಯುತ್ತಿರಿ. ಒಂದೇ ಸಲಕ್ಕೆ ಲೀಟರುಗಟ್ಟಲೆ ಸುರಿದುಕೊಳ್ಳುವುದೂ ಬೇಡ. ಹಾಗೆಯೇ, ಜಿಮ್ಮಿನವರು ತೆಗೆದುಕೊಳ್ಳುವ ಕ್ರಿಯಾಟಿನ್ ಪುಡಿಯಿಂದ ಏರುವ ತೂಕ ಬಹುಮಟ್ಟಿಗೆ ಸ್ನಾಯುವಿನ ಒಳಗಿನ ನೀರು. ಅದಕ್ಕೆ ಕಾಲಿನಲ್ಲಿ ಗುಳಿ ಬೀಳುವುದಿಲ್ಲ.

ಹೊಟ್ಟೆಯುಬ್ಬರವನ್ನು ಈ ಊತದೊಂದಿಗೆ ಕಲಸಬೇಡಿ. ಊಟವಾದ ಮೇಲೆ ಹೊಟ್ಟೆ ಬಿಗಿದು ಗುಡುಗುಡು ಎಂದರೆ ಸಾಮಾನ್ಯವಾಗಿ ಕಾರಣ ವ್ಹೇ ಎಂಬ ಪ್ರೋಟೀನ್ ಪುಡಿಯಲ್ಲಿರುವ ಹಾಲಿನ ಸಕ್ಕರೆ. ಕೆಲವು ದಿನ ಪುಡಿ ನಿಲ್ಲಿಸಿ, ಮೊಸರು, ಮೊಟ್ಟೆಗೆ ಬದಲಾಯಿಸಿ ನೋಡಿದರೆ ತಿಳಿಯುತ್ತದೆ. ಆದರೆ ಹೊಟ್ಟೆಯೊಂದಿಗೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಯಕೃತ್ತಿನ ತೊಂದರೆ ಇರಬಹುದು. ನುಂಗುವ ಸ್ಟೀರಾಯ್ಡ್‌ಗಳಲ್ಲಿ ಹಲವು ಯಕೃತ್ತಿಗೆ ಕಠಿಣ.

ಮೂತ್ರದಲ್ಲಿ ನೊರೆ ಬಂದು ಬೇಗ ಆರದಿದ್ದರೆ ಪ್ರೋಟೀನ್ ಸೋರುತ್ತಿರಬಹುದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು 2010ರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ಬಳಸಿದ ಹತ್ತು ದೇಹದಾರ್ಢ್ಯ ಪಟುಗಳ ವಿವರ ಪ್ರಕಟಿಸಿದರು. ಒಂಬತ್ತು ಜನರ ಮೂತ್ರಪಿಂಡದ ಸೋಸುವ ಗಂಟುಗಳಲ್ಲಿ ಕಲೆಗಟ್ಟಿತ್ತು. ಸ್ಟೀರಾಯ್ಡ್ ಬಿಟ್ಟವರಲ್ಲಿ ಹಲವರಿಗೆ ಸೋರಿಕೆ ಇಳಿಯಿತು. ಮತ್ತೆ ಶುರು ಮಾಡಿದವನಿಗೆ ಮರುಕಳಿಸಿತು. ಸ್ನಾಯು ಹೆಚ್ಚಿದ್ದವರಲ್ಲಿ, ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಸಹಜವಾಗಿಯೇ ತುಸು ಏರಿರುತ್ತದೆ, ಆದ್ದರಿಂದ ಅದೊಂದನ್ನೇ ನಂಬದೆ ಮೂತ್ರದ ಆಲ್ಬುಮಿನ್ (ಸೋರುವ ಪ್ರೋಟೀನ್), ಸಾಧ್ಯವಾದರೆ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಕೂಡ ಮಾಡಿಸಬೇಕು. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಕೊಲೆಸ್ಟರಾಲ್, ಇ.ಸಿ.ಜಿ., ಹೃದಯದ ಎಕೋ ಇವೂ ಪಟ್ಟಿಯಲ್ಲಿರಲಿ. 2017ರ ಅಮೆರಿಕದ ಅಧ್ಯಯನವೊಂದರಲ್ಲಿ ಹೃದಯ ಪ್ರತಿ ಬಡಿತಕ್ಕೆ ಹೊರದಬ್ಬುವ ರಕ್ತದ ಪಾಲು ಸ್ಟೀರಾಯ್ಡ್ ಬಳಸದ ಭಾರ ಎತ್ತುವವರಲ್ಲಿ ಸರಾಸರಿ ಶೇ. 63, ಬಳಸಿದವರಲ್ಲಿ ಶೇ. 52.

ಊತ ನಿಜವಾಗಿ ಇಳಿಯುವುದು ಅದನ್ನು ಉಂಟುಮಾಡುವ ವಸ್ತು ನಿಂತಾಗ. ಬಿಡುವ ಮುಂಚೆ ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞ ವೈದ್ಯರೊಬ್ಬರನ್ನು ಕಾಣಿ, ಏಕೆಂದರೆ ನಿಮ್ಮ ಸ್ವಂತ ಟೆಸ್ಟೋಸ್ಟೆರಾನ್ ಅಡಗಿಹೋಗಿದ್ದು ಮರಳಲು ತಿಂಗಳುಗಳೇ ಬೇಕಾಗಬಹುದು, ಆ ಅವಧಿಯಲ್ಲಿ ಮನಸ್ಸು ತೀರಾ ಕುಗ್ಗುವುದುಂಟು. ವೈದ್ಯರ ಮುಂದೆ ಸ್ಟೀರಾಯ್ಡ್ ಮಾತನ್ನು ಮುಚ್ಚಿಡಬೇಡಿ. ಬಾಟಲಿ, ಮಾತ್ರೆಯ ಸ್ಟ್ರಿಪ್, ಲೇಬಲ್ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಕದ್ದು ಮಾರುವ ಸರಕಿನಲ್ಲಿ ಲೇಬಲ್ ಹೇಳಿದ್ದೇ ಇರಬೇಕೆಂದಿಲ್ಲ ಎಂಬುದನ್ನೂ ತಿಳಿಸಿ. ಮಗ ಹೀಗೆ ಊದಿದ್ದನ್ನು ಕಂಡು "ಮೈ ಕಟ್ಟಿದ್ದಾನೆ" ಎಂದು ಸಂತೋಷಪಡುವ ತಂದೆತಾಯಿಗಳೂ ಅವನ ಜೊತೆಗೆ ಹೋಗಿ.

ಇಷ್ಟಕ್ಕೆ ಕಾಯಬಾರದ ಕೆಲವು ಸಂದರ್ಭಗಳಿವೆ. ಮಲಗಿದರೆ ಉಸಿರು ಕಟ್ಟುವುದು, ಎದೆ ನೋವು, ಮೂತ್ರ ನಿಂತುಹೋಗುವುದು, ನೀರಿಳಿಸುವ ಮಾತ್ರೆ ನುಂಗಿದ ಮೇಲೆ ಎದೆ ತಾಳ ತಪ್ಪಿ ಬಡಿಯುವುದು ಅಥವಾ ಕೈಕಾಲು ಸೋಲುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಒಂದೇ ಕಾಲಿನ ಊತ ಹೆಪ್ಪುಗಟ್ಟಿದ ರಕ್ತದ್ದಾಗಿರಬಹುದು, ಅದನ್ನು ತಿಕ್ಕಬೇಡಿ. ಬೈಕ್ ಹತ್ತದೆ 108ಕ್ಕೆ ಕರೆ ಮಾಡಿ, ಬಂದವರಿಗೆ ಏನೇನು ತೆಗೆದುಕೊಂಡಿದ್ದೀರಿ ಎಂದು ಮೊದಲೇ ಹೇಳಿ.